ನೊರೆ ಬರುವವರೆಗೆ

ಆನ್‌ಲೈನ್ ಅಂಗಡಿಗಳಲ್ಲಿ ಈಗ 'ಸೆರೆಮೋನಿಯಲ್ ಕಕಾವ್' ಅಂತ ಒಂದು ಸಾಮಾನು ಸಿಗುತ್ತದೆ. ಕಕಾವ್ ಅಂದರೆ ಚಾಕೊಲೇಟ್ ಮಾಡುವ ಕೋಕೋ ಬೀಜ, ಸೆರೆಮೋನಿಯಲ್ ಅಂದರೆ ಆಚರಣೆಯದು. ಕಡುಕಂದು ಬಣ್ಣದ ಗಟ್ಟಿ ಅಚ್ಚು, ಜೊತೆಗೊಂದು ಚೀಟಿ. ಬಿಸಿನೀರಲ್ಲಿ ಕರಗಿಸಿ, ಮೇಣದಬತ್ತಿ ಹಚ್ಚಿ, ಕಣ್ಣು ಮುಚ್ಚಿ, ಸಂಕಲ್ಪ ಮಾಡಿಕೊಂಡು ನಿಧಾನವಾಗಿ ಕುಡಿಯಿರಿ, ಹೃದಯ ತೆರೆದುಕೊಳ್ಳುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಇದು ಮಧ್ಯ ಅಮೆರಿಕದ ಮಾಯಾ ಜನರ ಸಾವಿರಾರು ವರ್ಷಗಳ ಆಚರಣೆ ಅಂತಲೂ ಇರುತ್ತದೆ. ಬೆಂಗಳೂರಿನಲ್ಲೂ ಇದರ ಕೂಟಗಳು ನಡೆಯುತ್ತವೆ. ಸುತ್ತ ಕೂತು, ಒಂದೊಂದು ಕಪ್ ಕುಡಿದು, ಹಾಡಿ, ಮನಸ್ಸು ಬಿಚ್ಚಿ ಮಾತಾಡಿ ಬರುವುದು.

ನಾನೂ ಮನೆಯಲ್ಲಿ ಕಕಾವ್ ಕುಡಿಯುತ್ತೇನೆ. ಅದಕ್ಕೆ ಅಂತಲೇ ಭಾನುವಾರದ ಬೆಳಗ್ಗೆ ಎತ್ತಿಟ್ಟಿದ್ದೇನೆ. ಆದರೆ ಆ ಚೀಟಿಯ ಬಗ್ಗೆ ನನಗೆ ತಕರಾರಿದೆ. ಅಚ್ಚು ನಮ್ಮ ಕೈಗೆ ಬರುವ ಹೊತ್ತಿಗೆ ಹುರಿಯುವುದು, ಸಿಪ್ಪೆ ಬಿಡಿಸುವುದು, ಕೇರುವುದು, ಅರೆಯುವುದು ಎಲ್ಲ ಬೇರೆ ಯಾರೋ ಮುಗಿಸಿರುತ್ತಾರೆ. ನಮಗೆ ಉಳಿಯುವುದು ಕಣ್ಣು ಮುಚ್ಚುವ ಕೆಲಸ. ಮನಸ್ಸು ಒಂದು ಕಡೆ ನಿಲ್ಲಬೇಕು ಅಂತಿದ್ದರೆ ಅದನ್ನು ನಿಲ್ಲಿಸುವ ಕೆಲಸಗಳನ್ನೇ ಬಿಟ್ಟುಕೊಟ್ಟ ಹಾಗಾಯಿತು, ಅಲ್ವಾ?

ಮೊದಲು ಆ ಸಾವಿರಾರು ವರ್ಷದ ಮಾತು. ಕಕಾವ್ ಹಳೆಯದು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಈಕ್ವೆಡಾರ್‌ನ ಸಾಂತಾ ಆನಾ-ಲಾ ಫ್ಲೋರಿಡಾ ಎಂಬಲ್ಲಿ ಸಿಕ್ಕ ಪಾತ್ರೆಗಳಲ್ಲಿ ಸುಮಾರು 5,300 ವರ್ಷ ಹಿಂದಿನ ಕಕಾವ್ ಗುರುತುಗಳಿವೆ ಅಂತ 2018ರಲ್ಲಿ ಸಂಶೋಧಕರು ತೋರಿಸಿದರು. ಗ್ವಾಟೆಮಾಲದ ರಿಯೋ ಅಸುಲ್‌ನಲ್ಲಿ 1984ರಲ್ಲಿ ಒಂದು ಗೋರಿ ಸಿಕ್ಕಿತು. ಅದರೊಳಗೆ ತಿರುಗಿಸಿ ಬಿಗಿಮಾಡುವ ಮುಚ್ಚಳದ ಒಂದು ಮಣ್ಣಿನ ಪಾತ್ರೆ ಇತ್ತು. ಸುಮಾರು 5ನೇ ಶತಮಾನದ್ದು. ಹೊರಗೆ ಮಾಯಾ ಲಿಪಿಯಲ್ಲಿ 'ಕಕಾವ್' ಅಂತ ಬರೆದಿತ್ತು. ಒಳಗೆ ಅಂಟಿದ್ದ ಗಸಿಯನ್ನು ಪರೀಕ್ಷೆ ಮಾಡಿದಾಗ ನಿಜಕ್ಕೂ ಕಕಾವ್ ಇತ್ತು. ಸತ್ತವನ ಪಕ್ಕದಲ್ಲಿ ಡಬ್ಬಿಗೆ ಹೆಸರು ಬರೆದು ಇಟ್ಟಿದ್ದರು!

ಹಳೆಯದು ಕಕಾವ್. ಚೀಟಿಯಲ್ಲಿರುವ ಆಚರಣೆ ಅಷ್ಟು ಹಳೆಯದಲ್ಲ. ಅಪರಿಚಿತರು ಸುತ್ತ ಕೂತು, ಕಪ್ ಹಿಡಿದು, ತಮ್ಮೊಳಗನ್ನು ನೋಡಿಕೊಳ್ಳುವ ಈ ಕ್ರಮಕ್ಕೆ ಹೆಚ್ಚೆಂದರೆ ಎರಡು ಮೂರು ದಶಕದ ವಯಸ್ಸು. ಗ್ವಾಟೆಮಾಲದ ಅತಿತ್ಲಾನ್ ಸರೋವರದ ದಡದಲ್ಲಿ ಸಾನ್ ಮಾರ್ಕೋಸ್ ಲಾ ಲಗುನಾ ಅಂತ ಒಂದು ಊರಿದೆ. ಅಲ್ಲಿ ನೆಲೆಸಿದ ಕೀತ್ ವಿಲ್ಸನ್ ಎಂಬ ಅಮೆರಿಕನ್ 2000ರ ದಶಕದಲ್ಲಿ ತನ್ನ ಮನೆಯ ಜಗಲಿಯಲ್ಲಿ ಇಂಥ ಕೂಟಗಳನ್ನು ನಡೆಸುತ್ತಿದ್ದ. ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಪ್ರವಾಸಿಗಳು ಕುಡಿದು, ಅದನ್ನು ತಮ್ಮ ತಮ್ಮ ದೇಶಕ್ಕೆ ಕೊಂಡುಹೋದರು. ತಮಾಷೆ ಅಂದರೆ ಆ ಸರೋವರ ಇರುವುದು 1,500 ಮೀಟರ್‌ಗಿಂತ ಎತ್ತರದಲ್ಲಿ. ಅಷ್ಟು ಎತ್ತರದ ಚಳಿಗೆ ಕಕಾವ್ ಬೆಳೆ ಒಗ್ಗುವುದಿಲ್ಲ. ಬೀಜ ಕೆಳಗಿನ ಬಿಸಿನಾಡಿನಿಂದ ಹತ್ತಿ ಬರಬೇಕು. 'ಸೆರೆಮೋನಿಯಲ್ ಗ್ರೇಡ್' ಅನ್ನುವ ದರ್ಜೆಗೂ ಕಾನೂನಿನ ಅಳತೆಗೋಲು ಏನೂ ಇಲ್ಲ. ಮಾರುವವರು ಹೇಳಿದ್ದೇ ದರ್ಜೆ.

ಹಾಗಂತ ಆ ನಾಡಿನಲ್ಲಿ ಆಚರಣೆಯೇ ಇಲ್ಲ ಅಂತಲ್ಲ. ಇದೆ, ಬೇರೆ ಥರ ಇದೆ. ಮೆಕ್ಸಿಕೋದ ಚಿಯಾಪಾಸ್‌ನ ಲಕಂದೋನ್ ಮಾಯಾ ಹೆಂಗಸರು ಕಕಾವ್ ಅರೆದು, ಕಡೆದು ನೊರೆ ಎಬ್ಬಿಸಿ ದೇವರ ಧೂಪದ ಪಾತ್ರೆಗಳಿಗೆ ನೈವೇದ್ಯ ಮಾಡುತ್ತಿದ್ದರು. ಮೆಕ್ಸಿಕೋದ್ದೇ ಇನ್ನೊಂದು ರಾಜ್ಯವಾದ ಓಹಾಕಾದಲ್ಲಿ ಮದುವೆ ಇರಲಿ, ಸಾವಿರಲಿ, ಸತ್ತವರ ಹಬ್ಬ ಇರಲಿ, ಮನೆಗೆ ಬಂದವರಿಗೆ ಕಾಯಿಸಿದ ಚಾಕೊಲೇಟ್ ಮತ್ತು ಬ್ರೆಡ್ ಕೊಡದೆ ಕಳಿಸುವುದಿಲ್ಲ. ಅದೇ ಓಹಾಕಾದ ಸಂತೆಯಲ್ಲಿ 'ತೆಹಾತೆ' ಅಂತ ಒಂದು ಪಾನೀಯ ಮಾರುತ್ತಾರೆ. ಮುಸುಕಿನ ಜೋಳ, ಕಕಾವ್, ಮಮೇ ಹಣ್ಣಿನ ಬೀಜ, ಒಂದು ಜಾತಿಯ ಒಣ ಹೂವು, ಇಷ್ಟನ್ನು ನುಣ್ಣಗೆ ಅರೆದ ಮುದ್ದೆ. ಅದನ್ನು ದೊಡ್ಡ ಮಣ್ಣಿನ ಬಾನಿಗೆ ಹಾಕಿ, ಮೊಣಕೈವರೆಗೂ ಕೈ ಅದ್ದಿ ಹೆಂಗಸರು ಕಲಸುತ್ತಾರೆ. ತಣ್ಣೀರನ್ನು ಎತ್ತರದಿಂದ ಹೊಯ್ಯುತ್ತಾರೆ. ಮೇಲೆ ದಪ್ಪಗೆ ಬಿಳಿ ನೊರೆ ಕಟ್ಟುತ್ತದೆ. ಗಿರಾಕಿಗಳು ಆ ನೊರೆ ತಮ್ಮ ಒಣಕಾಯಿಯ ಬುರುಡೆ ಬಟ್ಟಲಿಗೆ ಎಷ್ಟು ಬಿತ್ತು ಅಂತ ನೋಡುತ್ತಾರೆ.

ಎಲ್ಲಿ ನೋಡಿದರೂ ಈ ನೊರೆಯೇ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ 8ನೇ ಶತಮಾನದ ಹೊತ್ತಿನ ಒಂದು ಮಾಯಾ ಹೂಜಿ ಇದೆ. ಅದರ ಸುತ್ತ ಚಿತ್ರ. ಸಿಂಹಾಸನದ ಮೇಲೆ ಒಬ್ಬ ಮುದುಕ ದೇವರು, ಅವನ ಸುತ್ತ ಹೆಂಗಸರು. ಕೆಳಗೊಂದು ಮೊಲ ಕೂತು ಲೆಕ್ಕ ಬರೆಯುವವರ ಹಾಗೆ ಏನೋ ಬರೆಯುತ್ತಿದೆ. ಇನ್ನೊಂದು ಕಡೆ ಮುಖವಾಡ ಹಾಕಿದ ಇಬ್ಬರು ಒಬ್ಬನ ತಲೆ ಕಡಿಯುತ್ತಿದ್ದಾರೆ. ಇಷ್ಟೆಲ್ಲ ನಡೆಯುವಾಗ ಒಬ್ಬ ಹೆಂಗಸು ನಿಂತುಕೊಂಡು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಕಕಾವ್ ಹೊಯ್ಯುತ್ತಿದ್ದಾಳೆ. ನಮ್ಮ ಕಾಫಿ ಕ್ಲಬ್ಬಿನಲ್ಲಿ ಲೋಟದಿಂದ ಬಟ್ಟಲಿಗೆ ಮಾರುದ್ದ ಎಳೆದು ಕೊಡುವ ಕಾಫಿಯೇ ಸರಿ. ಅವಳು ಪಕ್ಕದ ಗಲಾಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಧ್ಯಾನದ ಚಿತ್ರ ಬೇಕಾದವರು ಇದನ್ನು ನೋಡಬಹುದು ಅಂತ ನನಗನಿಸುತ್ತದೆ.

ಸ್ಪೇನಿನ ಪಾದ್ರಿ ಬರ್ನಾರ್ಡಿನೋ ದೆ ಸಹಾಗುನ್ 16ನೇ ಶತಮಾನದಲ್ಲಿ ಮೆಕ್ಸಿಕೋದ ಅಜ್ಟೆಕ್ ಜನರಿಂದ ಕೇಳಿ ಬರೆದಿಟ್ಟದ್ದರಲ್ಲೂ ಇದೇ ಮಾತು. ಒಳ್ಳೆಯ ಕಕಾವ್ ಮಾರುವವಳು ನುಣ್ಣಗೆ ಅರೆದು, ಸೋಸಿ, ಎತ್ತರದಿಂದ ಹೊಯ್ದು ನೊರೆ ಬರಿಸುತ್ತಾಳೆ. ಕೆಟ್ಟವಳು ನೀರು ಜಾಸ್ತಿ ಸುರಿಯುತ್ತಾಳೆ. ಬೀಜದಲ್ಲೂ ಕಲಬೆರಕೆ ಇತ್ತಂತೆ. ಆಗ ಅದು ನಾಣ್ಯವಾಗಿಯೂ ನಡೆಯುತ್ತಿತ್ತಲ್ಲ, ಮೇಣ, ದಂಟಿನ ಬೀಜದ ಹಿಟ್ಟು, ಬೆಣ್ಣೆಹಣ್ಣಿನ ಬೀಜ ಇವುಗಳಿಂದ ನಕಲಿ ಬೀಜ ಮಾಡುವವರಿದ್ದರು. ಕಳ್ಳನೋಟು ಹೊಸದೇನೂ ಅಲ್ಲ.

ಇನ್ನು ನನ್ನ ಅಡುಗೆಮನೆಗೆ ಬರುತ್ತೇನೆ. ಕಕಾವ್, ಕೋಕೋ, ವಿಟ್ಲ-ಪುತ್ತೂರು ಕಡೆಯವರ ಕೊಕ್ಕೋ, ಎಲ್ಲ ಒಂದೇ ಬೀಜ. ನನ್ನ ಚಿಕ್ಕಪ್ಪನ ಅಡಿಕೆ ತೋಟದಲ್ಲಿ ಸಾಲಿನ ನಡುನಡುವೆ ಕೊಕ್ಕೋ ಗಿಡಗಳಿವೆ. ಹೂವು ನೇರ ಕಾಂಡದ ಮೇಲೆಯೇ ಬಿಡುತ್ತದೆ, ಹಣ್ಣೂ ಅಲ್ಲೇ ಜೋತುಬೀಳುತ್ತದೆ. ಚಿಕ್ಕವರಿದ್ದಾಗ ಹಣ್ಣನ್ನು ಕಲ್ಲಿಗೆ ಹೊಡೆದು ಒಡೆದು, ಬೀಜದ ಸುತ್ತಲಿನ ಬಿಳಿ ತೊಳೆ ಚೀಪಿ ಬೀಜ ಉಗಿಯುತ್ತಿದ್ದೆವು. ಬೀಜ ನಮಗೆ ಕೆಲಸಕ್ಕೆ ಬಾರದ್ದು. ದೊಡ್ಡವರಿಗೆ ಅದೇ ದುಡ್ಡು. ಹಸಿ ಬೀಜವನ್ನು ಬಕೆಟ್ಟಿಗೆ ತುಂಬಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋಗೆ ಕೊಟ್ಟು ಬರುವುದು. 1980ರ ಸುಮಾರಿಗೆ ದರ ಬಿದ್ದು, ಕೊಳ್ಳುವವರು ಹಿಂದೆ ಸರಿದಾಗ ಎಷ್ಟೋ ಜನ ಗಿಡ ಕಡಿದರಂತೆ. ಆಮೇಲೆ ಕ್ಯಾಂಪ್ಕೋನೇ ಕೊಳ್ಳಲು ಮುಂದೆ ಬಂತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಹಾಗಾಗಿ ಆ ಕಡೆಯವರಿಗೆ ಕೊಕ್ಕೋ ಅಂದರೆ ದರ, ಅಳಿಲಿನ ಕಾಟ, ಮಳೆಗಾಲದ ಕೊಳೆರೋಗ. ನಾನು ಅದನ್ನು ಕುಡಿಯಲು ಬೀಜ ಹುಡುಕುತ್ತಿದ್ದೇನೆ ಅಂದಾಗ ಚಿಕ್ಕಪ್ಪ, "ಎಂಥ ಮಾರಾಯ್ತಿ, ಸಕ್ಕರೆ ಸಹ ಹಾಕದೆಯಾ?" ಅಂದರು. ಚಿಕ್ಕಮ್ಮ, "ಜ್ವರಕ್ಕೆ ಕಷಾಯ ಕುಡಿಯಲಿಕ್ಕೆ ಒಲ್ಲೆ ಅಂತ ಇದ್ದವಳು ಇವಳೇ" ಅಂತ ನಕ್ಕರು.

ಹಸಿ ಬೀಜ ತಂದು ಮನೆಯಲ್ಲಿ ಹುದುಗು ಬರಿಸುವ ಗೋಜಿಗೆ ಹೋಗಬೇಡಿ. ರಾಶಿ ದೊಡ್ಡದಿರಬೇಕು. ಬಾಳೆ ಎಲೆ ಹೊದಿಸಿದ ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ ಐದಾರು ದಿನ ಇಟ್ಟು, ನಡುನಡುವೆ ತಿರುವಿಹಾಕಿದರೆ ತೊಳೆಯ ಸಕ್ಕರೆ ಮೊದಲು ಹೆಂಡವಾಗುತ್ತದೆ, ಆಮೇಲೆ ಹುಳಿಯಾಗುತ್ತದೆ. ರಾಶಿಯ ಒಳಗೆ 45ರಿಂದ 50 ಡಿಗ್ರಿವರೆಗೆ ಕಾವು ಏರುತ್ತದೆ. ಆ ಕಾವಿಗೆ ಮೊಳಕೆ ಸಾಯುತ್ತದೆ, ಒಳಗಿನ ನೇರಳೆ ಬಣ್ಣ ಕಂದಾಗುತ್ತದೆ, ಒಗರು ಇಳಿಯುತ್ತದೆ. ಒಂದೆರಡು ಕಿಲೋ ಬೀಜಕ್ಕೆ ಅಷ್ಟು ಕಾವು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹುದುಗು ಬಂದು ಒಣಗಿದ ಬೀಜವನ್ನೇ ಕೊಳ್ಳಿ. ಒಂದು ಬೀಜ ಕತ್ತರಿಸಿ ನೋಡಿ, ಒಳಗೆ ಕಂದು ಬಣ್ಣ, ಬಿರುಕು ಬಿರುಕಾಗಿದ್ದರೆ ಒಳ್ಳೆಯದು. ಬೂದಿಬಣ್ಣ, ಗಟ್ಟಿಯಾಗಿದ್ದರೆ ಹುದುಗು ಸರಿಯಾಗಿ ಬಂದಿಲ್ಲ.

ಹುರಿಯುವುದು ನನಗೆ ಎಲ್ಲಕ್ಕಿಂತ ಇಷ್ಟ. ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ, ಇಪ್ಪತ್ತು ಇಪ್ಪತ್ತೈದು ನಿಮಿಷ. ಕೈ ಬಿಡುವ ಹಾಗಿಲ್ಲ. ಫೋನ್ ಪಕ್ಕದ ಕೋಣೆಯಲ್ಲಿರಲಿ ಅಂತ ಯಾರೂ ಹೇಳಬೇಕಾಗಿಲ್ಲ, ಎತ್ತಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಮೊದಲು ಬರುವುದು ವಿನೆಗರ್ ವಾಸನೆ, ಮೂಗಿಗೆ ಚುರುಕ್ ಅನ್ನುವಷ್ಟು. ಹುದುಗಿನ ಹುಳಿ ಹಾರಿ ಹೋಗುತ್ತಿದೆ ಅಂತ ಅರ್ಥ. ಸ್ವಲ್ಪ ಹೊತ್ತಿಗೆ ಅದು ಕಮ್ಮಿಯಾಗಿ ಏನೂ ವಾಸನೆ ಇಲ್ಲದ ಒಂದು ಹೊತ್ತು ಬರುತ್ತದೆ. ಇಲ್ಲಿ ಅವಸರ ಮಾಡಿ ಉರಿ ಏರಿಸಬಾರದು. ಆಮೇಲೆ ಅಲ್ಲೊಂದು ಇಲ್ಲೊಂದು ಬೀಜ ಚಿಟ್ ಅನ್ನುತ್ತದೆ. ಸಿಪ್ಪೆ ಉಬ್ಬಿ ಸಡಿಲವಾಗುತ್ತದೆ. ಕೇಕ್ ಬೇಯುವ ಪರಿಮಳ ಹಾಲ್ ದಾಟಿ ಮೆಟ್ಟಿಲವರೆಗೂ ಹೋಗುತ್ತದೆ. ಒಂದು ಬೀಜ ತೆಗೆದು ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಿಟ್ಟುಕೊಳ್ಳಬೇಕು, ಒಳಗಿನ ಬೇಳೆ ಪುಡಿಪುಡಿಯಾಗಬೇಕು. ಆಗ ಇಳಿಸಿ, ಅಗಲ ತಟ್ಟೆಗೆ ಸುರಿದು ಆರಲು ಬಿಡಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಸೀದುಹೋಗುತ್ತದೆ.

ಸಿಪ್ಪೆ ಬಿಡಿಸಲು ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಆಮೇಲೆ ಮೊರ. ಕೇರಲು ಬಾರದವರು ಬಾಲ್ಕನಿಯಲ್ಲಿ ನಿಂತು ತಟ್ಟೆಯಿಂದ ತಟ್ಟೆಗೆ ಸುರಿಯುತ್ತಾ ಊದಬಹುದು. ಹೇರ್ ಡ್ರೈಯರ್ ಹಿಡಿಯುವವರೂ ಇದ್ದಾರೆ. ಮೊರ ಮಾತ್ರ ಮೊರವೇ. ಸಿಪ್ಪೆ ಹಗುರ, ಬೇಳೆಯ ಚೂರು ಭಾರ, ನಾಲ್ಕು ಸಲ ಕೊಡವುವಷ್ಟರಲ್ಲಿ ಎರಡೂ ಬೇರೆಬೇರೆ ಕಡೆ ಹೋಗಿ ಕೂರುತ್ತವೆ. ನೂರು ಗ್ರಾಂ ಬೀಜಕ್ಕೆ ಮುಕ್ಕಾಲು ಪಾಲು ಚೂರು ಸಿಕ್ಕರೆ ಚೆನ್ನಾಗಿ ಕೇರಿದ್ದೀರಿ ಅಂತ.

ಅರೆಯುವಾಗ ಒಂದು ಸೋಜಿಗ ನಡೆಯುತ್ತದೆ. ಕಕಾವ್ ಬೇಳೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕೊಬ್ಬು. ಆ ಕೊಬ್ಬು ಸುಮಾರು 34 ಡಿಗ್ರಿಗೆ ಕರಗುತ್ತದೆ. ಮಿಕ್ಸಿಯ ಸಣ್ಣ ಜಾರಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿದರೆ ಮೊದಲು ಒಣ ಪುಡಿ, ಆಮೇಲೆ ಗೋಡೆಗೆ ಅಂಟುವ ಒದ್ದೆ ಪುಡಿ. ಇನ್ನಾಗುವುದಿಲ್ಲ ಅನಿಸುವ ಹೊತ್ತಿಗೆ ಥಟ್ಟನೆ ಮುದ್ದೆ ಸಡಿಲಾಗಿ ಹೊಳೆಯುತ್ತಾ ಹರಿಯಲು ಶುರುವಾಗುತ್ತದೆ. ಒಂದು ಹನಿ ನೀರು ಹಾಕಿಲ್ಲ, ಎಣ್ಣೆ ಹಾಕಿಲ್ಲ. ಒಳಗಿದ್ದದ್ದೇ ಹೊರಗೆ ಬಂದದ್ದು. ನೀರು ಹಾಕಲೂಬಾರದು, ಹಾಕಿದರೆ ಗಂಟುಕಟ್ಟುತ್ತದೆ. ಮೆಕ್ಸಿಕೋದಲ್ಲಿ ಹೆಂಗಸರು ಇಳಿಜಾರಾದ ಅರೆಯುವ ಕಲ್ಲಿನ ಕೆಳಗೆ ಕೆಂಡ ಇಟ್ಟುಕೊಳ್ಳುತ್ತಾರೆ, ಕಲ್ಲು ಬೆಚ್ಚಗಿದ್ದರೆ ಮುದ್ದೆ ಗಟ್ಟಿಯಾಗುವುದಿಲ್ಲ. ಮನೆಯಲ್ಲಿ ಒರಳು ಇದ್ದವರು ಮೊದಲು ಬಿಸಿನೀರು ಹೊಯ್ದು ಕಾಯಿಸಿ, ಒಂದು ತೊಟ್ಟೂ ತೇವ ಉಳಿಯದ ಹಾಗೆ ಒರೆಸಿ, ಆಮೇಲೆ ಅರೆಯಬಹುದು. ತೋಳು ನೋಯುತ್ತದೆ, ಆದರೆ ಮಿಕ್ಸಿಗಿಂತ ನುಣ್ಣಗೆ ಬರುತ್ತದೆ.

ದೋಸೆ ಹಿಟ್ಟಿನ ಟೇಬಲ್‌ಟಾಪ್ ಗ್ರೈಂಡರ್ ಇದ್ದರಂತೂ ನೀವೇ ಅದೃಷ್ಟವಂತರು. ಅಮೆರಿಕದಲ್ಲಿ ಮನೆಯಲ್ಲೇ ಬೀಜದಿಂದ ಚಾಕೊಲೇಟ್ ಮಾಡುವ ಹುಚ್ಚು ಹತ್ತಿದವರು ಯಂತ್ರ ಹುಡುಕಿಕೊಂಡು ಬಂದದ್ದು ಕೊಯಮತ್ತೂರಿನ ಈ ಕಲ್ಲಿನ ಗ್ರೈಂಡರಿನ ಹತ್ತಿರವೇ. ಈಗ ಅದನ್ನೇ ಸ್ವಲ್ಪ ಬದಲಿಸಿ 'ಮೆಲಾಂಜರ್' ಅಂತ ಮಾರುತ್ತಾರೆ, ಜಗತ್ತಿನ ಎಷ್ಟೋ ಸಣ್ಣ ಚಾಕೊಲೇಟ್ ಮನೆಗಳು ನಡೆಯುವುದು ಅದರ ಮೇಲೆ. ಆದರೆ ಉದ್ದಿನಬೇಳೆಯ ಗ್ರೈಂಡರಿಗೆ ಕಕಾವ್ ಹಾಕಿದರೆ ಮುಂದಿನ ವಾರದ ಇಡ್ಲಿಗೆ ಏನು ಬಣ್ಣ ಬರುತ್ತದೆ ಅಂತ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಅರೆದ ಮುದ್ದೆಯನ್ನು ಬಟ್ಟಲಿಗೆ ಹೊಯ್ದು ಆರಿಸಿದರೆ ಅಚ್ಚು ತಯಾರು. ಅಂಗಡಿಯ ಸೆರೆಮೋನಿಯಲ್ ಕಕಾವ್ ಅಂದರೂ ಇದೇ. ಬೇಕರಿಯ ಕೋಕೋ ಪುಡಿಯಿಂದ ಇದು ಆಗುವುದಿಲ್ಲ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಬೀಜದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಹಿಂಡಿದ ಮೇಲೆ ಉಳಿದ ಹಿಂಡಿಯೇ ಕೋಕೋ ಪುಡಿ. ಬಾಯಿ ತುಂಬುವ ಗುಣವೆಲ್ಲ ಕೊಬ್ಬಿನ ಜೊತೆ ಹೋಗಿರುತ್ತದೆ.

ಇನ್ನು ಕುಡಿಯುವ ಭಾಗ. ಒಂದು ಲೋಟಕ್ಕೆ 20ರಿಂದ 25 ಗ್ರಾಂ ಅಚ್ಚನ್ನು ಚಾಕುವಿನಲ್ಲಿ ತೆಳ್ಳಗೆ ಹೆರೆಯಿರಿ. ಕೂಟಗಳಲ್ಲಿ 40 ಗ್ರಾಂವರೆಗೂ ಕೊಡುತ್ತಾರೆ. ಖಾಲಿ ಹೊಟ್ಟೆಗೆ ಅಷ್ಟು ಬೇಡ, ಹೊಟ್ಟೆ ತೊಳೆಸುತ್ತದೆ. 150 ಎಂಎಲ್ ನೀರು ಕಾಯಿಸಿ, ಕುದಿ ಇಳಿದ ಮೇಲೆ ಹೆರೆದದ್ದಕ್ಕೆ ಎರಡು ಚಮಚದಷ್ಟು ನೀರು ಮಾತ್ರ ಹಾಕಿ ಮೊದಲು ಗಂಟಿಲ್ಲದ ಹಾಗೆ ಕಲಸಬೇಕು. ಆಮೇಲೆ ಉಳಿದ ನೀರು. ಹಸಿಮೆಣಸಿನಕಾಯಿ ಬೇಡ, ಒಂದು ಚಿಟಿಕೆ ಬ್ಯಾಡಗಿ ಪುಡಿ ಸಾಕು. ವೆನಿಲ್ಲಾ ಕಡ್ಡಿ ಇದ್ದರೆ ಸೀಳಿ ಹಾಕಿ. ಮೆಣಸಿನಕಾಯಿ, ವೆನಿಲ್ಲಾ, ಮುಸುಕಿನ ಜೋಳ ಮೂರೂ ಕಕಾವ್ ಕುಡಿದ ನಾಡಿನವೇ, ಅಲ್ಲಿಯ ಬಟ್ಟಲಲ್ಲಿ ಜೊತೆಯಾಗಿಯೇ ಇದ್ದವು. ಚಕ್ಕೆ ಮಾತ್ರ ನಮ್ಮ ಕಡೆಯದು, ಸ್ಪೇನಿನವರು ಆಮೇಲೆ ಕೊಂಡುಹೋಗಿ ಸೇರಿಸಿದ್ದು. ಹಾಲು, ಸಕ್ಕರೆಯೂ ಹಾಗೆಯೇ. ಮಾಯಾ ಪಾಕವಿಧಾನ ಅಂತ ಚಕ್ಕೆ, ಬಾದಾಮಿ ಹಾಲು ಬರೆದಿದ್ದರೆ ಒಂದು ನಗು ನಕ್ಕು ಮುಂದೆ ಹೋಗಿ. ರುಚಿಗೆ ಹಾಕಿಕೊಳ್ಳಲು ಏನೂ ಅಡ್ಡಿಯಿಲ್ಲ. ನಾನು ಬೆಲ್ಲ ಹಾಕುತ್ತೇನೆ, ಚಿಕ್ಕಮ್ಮ ಬಂದ ದಿನ ಜಾಸ್ತಿ ಹಾಕುತ್ತೇನೆ.

ಕೊಬ್ಬು ಮೇಲೆ ತೇಲುತ್ತದೆ, ಪುಡಿ ತಳಕ್ಕೆ ಇಳಿಯುತ್ತದೆ. ಎರಡನ್ನೂ ಸೇರಿಸಿ ಹಿಡಿಯುವುದು ಕಡೆಯುವ ಕೆಲಸ. ಹುರಿದ ಮುಸುಕಿನ ಜೋಳದ ಹಿಟ್ಟು ಅರ್ಧ ಚಮಚ ಸೇರಿಸಿದರೆ ಬೇಗ ಕೂಡಿಕೊಳ್ಳುತ್ತದೆ. ಸ್ಪೇನಿನವರು ಬಂದ ಮೇಲೆ ಮೆಕ್ಸಿಕೋದಲ್ಲಿ ಮೊಲಿನಿಯೋ ಎಂಬ ಮರದ ಕಡೆಗೋಲು ಬಳಕೆಗೆ ಬಂತು, ಎರಡು ಅಂಗೈ ನಡುವೆ ಹಿಡಿದು ಉಜ್ಜಿ ತಿರುಗಿಸುವುದು. ನಾನು ಮಜ್ಜಿಗೆಯ ಕಡಗೋಲಲ್ಲೇ ಮಾಡುತ್ತೇನೆ. ಎತ್ತರದ ಚೊಂಬು ಬೇಕು, ಇಲ್ಲದಿದ್ದರೆ ಸೀರೆಯೆಲ್ಲ ಕಕಾವ್. ಮೊದಲು ದೊಡ್ಡ ದೊಡ್ಡ ಗುಳ್ಳೆ ಏಳುತ್ತವೆ, ಅವು ನಿಲ್ಲುವುದಿಲ್ಲ. ಕಡೆಯುತ್ತಾ ಹೋದರೆ ಗುಳ್ಳೆ ಸಣ್ಣದಾಗುತ್ತದೆ, ಬಣ್ಣ ತಿಳಿಯಾಗುತ್ತದೆ, ಕಡಗೋಲಿನ ಸದ್ದೂ ಮಂದವಾಗುತ್ತದೆ. ಕೊನೆಗೆ ಎರಡು ಲೋಟ ಹಿಡಿದು ನಾಲ್ಕೈದು ಸಲ ಎತ್ತಿ ಹೊಯ್ಯುವುದು. ನಾನು ಮನಸ್ಸಿನ ಬಗ್ಗೆ ಏನಾದರೂ ಹೇಳಬಲ್ಲೆನಾದರೆ ಇಷ್ಟೇ: ಈ ಹೊತ್ತಿನಲ್ಲಿ ನಾಳೆಯ ಮೀಟಿಂಗ್ ನೆನಪಿಗೆ ಬಂದರೆ ಧಾರೆ ಲೋಟದ ಹೊರಗೆ ಬೀಳುತ್ತದೆ.

ಕುಡಿದ ಮೇಲೆ ಹೃದಯ ತೆರೆಯುತ್ತದಾ? ಕಕಾವ್‌ನಲ್ಲಿ ಥಿಯೋಬ್ರೋಮಿನ್ ಅಂತ ಇದೆ, ಕೆಫೀನಿನ ನೆಂಟ. ಕೆಫೀನೂ ಸ್ವಲ್ಪ ಇದೆ. ಥಿಯೋಬ್ರೋಮಿನ್ ಮೆತ್ತಗೆ ಹತ್ತುತ್ತದೆ, ಮೆತ್ತಗೆ ಇಳಿಯುತ್ತದೆ, ರಕ್ತನಾಳಗಳನ್ನು ಕೊಂಚ ಅಗಲ ಮಾಡುತ್ತದೆ. ಮೈ ಬೆಚ್ಚಗಾಗುತ್ತದೆ, ಎದೆಬಡಿತ ತುಸು ಗೊತ್ತಾಗುತ್ತದೆ. ಅದನ್ನು ಯಾರು ಏನಂತ ಕರೆದುಕೊಂಡರೂ ಸರಿ. ಹೃದಯದ ತೊಂದರೆ ಇರುವವರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಎಂಎಒ ಇನ್ಹಿಬಿಟರ್ ಬಗೆಯ ಮಾತ್ರೆಯವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇಷ್ಟು ಗಟ್ಟಿಯಾದ್ದನ್ನು ಕುಡಿಯಬಾರದು. ಇದನ್ನು ಹೇಳದೆ ಕಪ್ ಕೈಗೆ ಕೊಡುವ ಕೂಟಕ್ಕೆ ನಾನಂತೂ ಹೋಗುವುದಿಲ್ಲ.

ಪ್ರತಿದಿನ ಬೀಜದಿಂದ ಶುರು ಮಾಡಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಭಾನುವಾರ ಮಾಡಿದ ಅಚ್ಚು ಗಾಳಿಯಾಡದ ಡಬ್ಬಿಯಲ್ಲಿ ಚೆನ್ನಾಗಿರುತ್ತದೆ. ವಾರದ ನಡುವೆ ಬೇಕೆನಿಸಿದಾಗ ಹೆರೆದು, ಕಡೆದು ಕುಡಿಯುವುದು. ಫ್ರಿಜ್‌ನಲ್ಲಿಟ್ಟರೆ ಒಗ್ಗರಣೆಯ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಹೊರಗಿನ ಕಪಾಟೇ ಸಾಕು. ಮೇಲೆ ಬಿಳಿ ಪದರ ಕಂಡರೆ ಗಾಬರಿ ಬೇಡ, ಕೊಬ್ಬು ಮೇಲಕ್ಕೆ ಬಂದಿರುವುದು ಅಷ್ಟೆ. ಕೂದಲಿನ ಹಾಗೆ ಎದ್ದಿದ್ದರೆ ಮಾತ್ರ ಅದು ಬೂಷ್ಟು, ಎಸೆಯಿರಿ. ಕೇರಿ ಉಳಿದ ಸಿಪ್ಪೆಯನ್ನು ಕೆಲವರು ಚಹಾ ಥರ ಕುದಿಸುತ್ತಾರೆ. ಬೀಜ ಒಣಗುವಾಗಿನ ಧೂಳು, ಬೂಷ್ಟು ಎಲ್ಲ ಇರುವುದು ಸಿಪ್ಪೆಯ ಮೇಲೆಯೇ, ಹಾಗಾಗಿ ನಾನು ಕುದಿಸುವುದಿಲ್ಲ, ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ. ನಾಯಿ ಸಾಕಿದವರು ಅದನ್ನೂ ಮಾಡಬೇಡಿ. ಅವಕ್ಕೆ ಥಿಯೋಬ್ರೋಮಿನ್ ವಿಷ, ಸಿಪ್ಪೆಯಲ್ಲೂ ಸಾಕಷ್ಟು ಇರುತ್ತದೆ, ಪರಿಮಳಕ್ಕೆ ಮೂಸಿಕೊಂಡು ಬಂದೇ ಬರುತ್ತವೆ.